ನಳಿಗೆಗೆ ಅಂಟಿದ ಸೀಸ



ಎನ್.ಸಿ.ಸಿ. ಶಿಬಿರ ಮುಗಿಸಿ ಬಂದ ನಮ್ಮ ಸಂಘದ ಹುಡುಗನೊಬ್ಬ ಕೇಳಿದ: "ಅಂಕಲ್, ಫೈರಿಂಗ್ ಆದ ಮೇಲೆ ರೈಫಲ್ ಒರೆಸಿದರೆ ಬಟ್ಟೆಗೆ ಬೂದು ಬಣ್ಣದ ಚೂರುಗಳು ಅಂಟಿದವು. ಎಷ್ಟು ಉಜ್ಜಿದರೂ ಮುಗಿಯಲಿಲ್ಲ. ಅದೇನು?"

ಅದು ಸೀಸ. ಶಿಬಿರಗಳಲ್ಲಿ ಹೊಡೆಯುವ .22 ತೋಟಾದ ಗುಂಡು ಸಾಮಾನ್ಯವಾಗಿ ಬರಿಯ ಸೀಸದ್ದು. ಮೇಲೆ ತೆಳುವಾಗಿ ಮೇಣವನ್ನೋ ಜಿಡ್ಡನ್ನೋ ಸವರಿರುತ್ತಾರೆ. ನಳಿಗೆಯ ಒಳಗೆ ಸುರುಳಿಯಾಗಿ ತೋಡುಗಳಿರುತ್ತವೆ. ಗುಂಡು ಅವನ್ನು ಕಚ್ಚಿಕೊಂಡು ತಿರುಗುತ್ತ ಹೊರಟರೆ ಮಾತ್ರ ಗುರಿ ನೆಟ್ಟಗೆ. ಸೀಸ ಆ ತೋಡುಗಳಲ್ಲಿ ಕಟ್ಟಿಕೊಂಡರೆ ಹೊಡೆತಗಳು ಚದುರುತ್ತವೆ. ನಿಮ್ಮ ಕೈ ನಡುಗದಿದ್ದರೂ ಅಂಕ ಹೋಗುತ್ತದೆ.

ಶಾಲೆಯಲ್ಲಿ 1857ರ ಪಾಠ ಓದಿದ್ದೀರಲ್ಲ? ಎನ್‌ಫೀಲ್ಡ್ ಕೋವಿಯ ತೋಟಾಕ್ಕೆ ದನದ, ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ ಸಿಪಾಯಿಗಳನ್ನು ಕೆರಳಿಸಿತು. ಆದರೆ ಜಿಡ್ಡು ಏಕೆ ಬೇಕಿತ್ತು? ಸೀಸದ ಗುಂಡು ನಳಿಗೆಯಲ್ಲಿ ಸಲೀಸಾಗಿ ಇಳಿಯಲಿ, ಒಳಗೆ ಮಸಿಯೂ ಸೀಸವೂ ಕಟ್ಟದಿರಲಿ ಎಂದು. 1882ರಲ್ಲಿ ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ ಸೀಸದ ಗುಂಡಿಗೆ ತಾಮ್ರದ ಕವಚ ತೊಡಿಸಿದರು. ಕವಚದ ಗುಂಡು ಬಳಕೆಗೆ ಬಂದ ಮೇಲೆ ಸೈನ್ಯಗಳಿಗೆ ಈ ತಲೆನೋವು ತಪ್ಪಿತು.

ಅಮೆರಿಕದಲ್ಲಿ ಮಾತ್ರ ಅನೇಕ ಹವ್ಯಾಸಿಗಳು ಇಂದಿಗೂ ಮನೆಯಲ್ಲೇ ಸೀಸ ಕರಗಿಸಿ ಗುಂಡು ಎರಕ ಹೊಯ್ಯುತ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ, ಪ್ರಯೋಗಕ್ಕೆ ಇಳಿಯಬೇಡಿ. ಶುದ್ಧ ಸೀಸ ಬಹಳ ಮೆದುವೆಂದು ಅವರು ಅದಕ್ಕೆ ತವರ, ಆಂಟಿಮನಿ ಬೆರೆಸುತ್ತಾರೆ. ಮುದ್ರಣದ ಲೈನೊಟೈಪ್ ಲೋಹ ಅವರಿಗೆ ಬಲು ಇಷ್ಟ: ನೂರಕ್ಕೆ 84 ಪಾಲು ಸೀಸ, 12 ಆಂಟಿಮನಿ, 4 ತವರ. ನಿಮ್ಮ ಅಜ್ಜ ಓದುತ್ತಿದ್ದ ಕನ್ನಡ ಪತ್ರಿಕೆಗಳ ಅಚ್ಚಿನ ಮೊಳೆಗಳೂ ಇದೇ ಮೂರು ಲೋಹಗಳ ಬೆರಕೆ.

ಈ ಹವ್ಯಾಸಿಗಳು ಕಲಿತ ದೊಡ್ಡ ಪಾಠವೆಂದರೆ, ಉಜ್ಜುವ ಮೊದಲು ನೋಡಬೇಕು. ಸೀಸ ಎಲ್ಲಿ ಅಂಟಿದೆಯೋ ಆ ಜಾಗವೇ ಕಾರಣ ಹೇಳುತ್ತದೆ. ಹಿಂಬದಿಯಲ್ಲಿ, ಗುಂಡು ಹೊರಡುವಲ್ಲೇ ಅಂಟಿದ್ದರೆ ಬಹುಮಟ್ಟಿಗೆ ಗುಂಡಿನ ಅಳತೆ ಸಣ್ಣದು. ಪಕ್ಕದ ಸಂದಿಯಲ್ಲಿ ಬಿಸಿ ಅನಿಲ ನುಗ್ಗಿ ಸೀಸವನ್ನು ಕೊರೆದು ಗೋಡೆಗೆ ಬಳಿಯುತ್ತದೆ. ಆದ್ದರಿಂದ ತೋಡಿನ ಅಳತೆ .308 ಅಂಗುಲವಿದ್ದರೆ ಗುಂಡು .309 ಅಥವಾ .310 ಇರಬೇಕು. ನಳಿಗೆಯ ಬಾಯಿಯ ಬಳಿ ಅಂಟಿದ್ದರೆ ಲೇಪದ ಜಿಡ್ಡು ದಾರಿಯಲ್ಲೇ ಮುಗಿದಿದೆ ಎಂದರ್ಥ. ಜೇನುಮೇಣದ ಲೇಪ ಸುಧಾರಿಸಬೇಕು, ಇಲ್ಲವೇ ವೇಗ ತಗ್ಗಿಸಬೇಕು. ಇದನ್ನೆಲ್ಲ ನೋಡದೆ ಗುಂಡನ್ನು ಗಡಸು ಮಾಡಿದರೆ ಸಾಕೆಂದು ಹೊರಟವರು ಸೋತಿದ್ದಾರೆ. ಅಳತೆ ತಪ್ಪಿದರೆ ಗಡಸು ಗುಂಡೂ ಅಂಟುತ್ತದೆ. ಕಾರಣ ಬಿಟ್ಟು ಉಜ್ಜುವುದು ಸೋರುವ ಸೂರಿನ ಕೆಳಗೆ ನೆಲ ಒರೆಸಿದಂತೆ.

ಅಂಟಿದ್ದನ್ನು ತೆಗೆಯುವುದು ಹೇಗೆ? ಕೋವಿ ಖಾಲಿ ಎಂದು ಎರಡು ಸಲ ನೋಡಿಕೊಂಡು, ನಳಿಗೆಗೆ ಎಣ್ಣೆ ಹಾಕಿ ಒಂದು ರಾತ್ರಿ ನೆನೆಯಲು ಬಿಡುತ್ತಾರೆ. ಆಮೇಲೆ ಹಳೆಯ ಕಂಚಿನ ಬ್ರಷ್ಷಿಗೆ ಶುದ್ಧ ತಾಮ್ರದ ಎಳೆ ಸುತ್ತಿ ಹಿಂಬದಿಯಿಂದ ತಳ್ಳುತ್ತಾರೆ. ತಾಮ್ರ ಉಕ್ಕಿಗಿಂತ ಮೆದು, ನಳಿಗೆ ಗೀರುವುದಿಲ್ಲ. ಅಯಸ್ಕಾಂತಕ್ಕೆ ಅಂಟಿದರೆ ಅದು ತಾಮ್ರದ ಬಣ್ಣ ಬಳಿದ ಉಕ್ಕು, ಮುಟ್ಟಿಸಬಾರದು. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಸುರಿಯುವ ಸುಲಭೋಪಾಯವೂ ಉಂಟು. ಅದರಿಂದ ಹುಟ್ಟುವ ಲೆಡ್ ಅಸಿಟೇಟ್ ಘೋರ ವಿಷ. ಶಿಬಿರದಲ್ಲಂತೂ ಶಿಕ್ಷಕರು ಹೇಳಿದಷ್ಟೇ ಮಾಡಿ.

ಕೊನೆಯದಾಗಿ ಒಂದು ಮಾತು. ನಳಿಗೆಯ ಸೀಸದಿಂದ ಹೋಗುವುದು ಅಂಕ, ಕೈಯ ಸೀಸದಿಂದ ಹೋಗುವುದು ಆರೋಗ್ಯ. ಅದು ರಕ್ತ ಸೇರಿ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಚಿಕ್ಕ ಮಕ್ಕಳ ಮಿದುಳಿಗೆ ಮಾರಕ. ಫೈರಿಂಗ್ ಮುಗಿಸಿ ಅದೇ ಕೈಯಲ್ಲಿ ಸಮೋಸ ತಿನ್ನಬೇಡಿ. ಸೋಪು ಹಚ್ಚಿ ಕೈ, ಮುಖ ತೊಳೆಯಿರಿ. ಆ ಬಟ್ಟೆಯಲ್ಲೇ ಮನೆಯ ಪುಟ್ಟ ತಮ್ಮ ತಂಗಿಯರನ್ನು ಎತ್ತಿಕೊಳ್ಳಬೇಡಿ.

ಆ ಹುಡುಗ ಕೇಳಿದ್ದರಿಂದ ನಾನೂ ಇಷ್ಟು ಬರೆದೆ. ನೀವೂ ಕೇಳುತ್ತಿರಿ. ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.