ಗೋಧಿಯ ಹೊಲಕ್ಕೆ ಎಷ್ಟು ಉಳುಮೆ ಬೇಕು?

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಎಂಟನೆಯ ತರಗತಿಯ ವಿಜ್ಞಾನದ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ‘ಭೂಮಿಯನ್ನು ಆಳವಾಗಿ ಉಳುವುದರಿಂದಾಗುವ ಎರಡು ಪ್ರಯೋಜನಗಳನ್ನು ಬರೆಯಿರಿ’ ಎಂಬುದು ಪ್ರಶ್ನೆ. ಮಣ್ಣು ಸಡಿಲವಾಗುತ್ತದೆ, ಬೇರುಗಳಿಗೆ ಗಾಳಿ ದೊರೆಯುತ್ತದೆ ಎಂದು ಎಲ್ಲರೂ ಬರೆದಿದ್ದರು. ಒಬ್ಬ ಹುಡುಗ ಮಾತ್ರ, ‘ನಾವು ಗೋಧಿ ಹೊಲವನ್ನು ಪ್ರತಿ ವರ್ಷ ಉಳುವುದಿಲ್ಲ, ಹರಗುತ್ತೇವೆ. ಉಳಿದರೆ ಹಸಿ ಆರಿಹೋಗುತ್ತದೆ’ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಕೊಟ್ಟೆ. ಆ ಸೊನ್ನೆ ನನಗೇ ಸಲ್ಲಬೇಕಾದದ್ದು ಎಂದು ತಿಳಿಯಲು ನಾನು ನಿವೃತ್ತನಾಗಬೇಕಾಯಿತು.

ಧಾರವಾಡದ ಪೂರ್ವಕ್ಕೆ, ಗದಗಿನ ದಾರಿಯಲ್ಲಿ ನಮ್ಮ ಹಿರಿಯರಿಂದ ಬಂದ ನಾಲ್ಕು ಎಕರೆ ಎರೆ ಹೊಲವಿದೆ. ನೌಕರಿಯಲ್ಲಿದ್ದಷ್ಟು ಕಾಲ ಅದನ್ನು ಲಾವಣಿಗೆ ಕೊಟ್ಟಿದ್ದೆ. ನಿವೃತ್ತಿಯ ಮರುವರ್ಷ ನಾನೇ ಬೇಸಾಯಕ್ಕೆ ನಿಂತೆ. ಮುಂಗಾರಿಯಲ್ಲಿ ಹೊಲವನ್ನು ಬೀಳು ಬಿಟ್ಟು, ಉತ್ತರಿ ಮಳೆ ಚೆನ್ನಾಗಿ ಆದೊಡನೆ ಟ್ರ್ಯಾಕ್ಟರ್ ಕರೆಯಿಸಿ, ಪಲ್ಟಿ ನೇಗಿಲಿನಿಂದ ಒಂದು ಅಡಿ ಆಳಕ್ಕೆ ಉಳಿಸಿದೆ. ಪುಸ್ತಕದಲ್ಲಿ ಓದಿದ್ದನ್ನು, ಮೂವತ್ತು ವರ್ಷ ಪಾಠ ಹೇಳಿದ್ದನ್ನು ಆಚರಣೆಗೆ ತಂದೆನೆಂಬ ತೃಪ್ತಿ ನನಗೆ. ಹೊಲದ ತುಂಬ ತಲೆಗಾತ್ರದ ಹೆಂಟೆಗಳು ಎದ್ದವು. ಬದುವಿನಾಚೆಯ ಹಿರಿಯ ಒಕ್ಕಲಿಗರೊಬ್ಬರು ಬಂದು ನೋಡಿ, “ಮಾಸ್ತರ, ನೆಲದ ಹೊಟ್ಟಿ ಯಾಕ ಬಗಿಸಿದ್ರಿ? ಇದ್ದ ಹಸಿ ಎಲ್ಲಾ ಗಾಳಿಗೆ ಹೋತಲ್ಲ” ಎಂದರು. ನಾನು ನಕ್ಕು ಸುಮ್ಮನಾದೆ.

ಹಸ್ತದ ಮಳೆ ಕೈಕೊಟ್ಟಿತು. ಚಿತ್ತಿಯಲ್ಲಿ ಕೂರಿಗೆ ಹೂಡಿದಾಗ ಬೀಜ ಬಿದ್ದದ್ದು ಒಣ ಹೆಂಟೆಗಳ ಸಂದಿಗೆ. ಬಿತ್ತಿದ್ದರಲ್ಲಿ ಅರ್ಧವೂ ಮೊಳೆಯಲಿಲ್ಲ. ಹುಟ್ಟಿದ್ದು ಕೂಡ ಜನವರಿಯ ಹೊತ್ತಿಗೆ ಬಾಡಿ, ಗಿಡ್ಡ ತೆನೆ ಹಾಯಿತು. ನಾಲ್ಕು ಎಕರೆಗೆ ನನಗೆ ಬಂದದ್ದು ಐದು ಚೀಲ. ಆ ಹಿರಿಯರು ಮಳೆ ಬಿದ್ದಾಗಲೆಲ್ಲ ಕುಂಟೆ ಹೊಡೆದುಕೊಂಡು ಬಂದಿದ್ದರು. ಅಷ್ಟೇ ಮಳೆ ಕಂಡ ಅವರ ಹೊಲದಲ್ಲಿ ಎಕರೆಗೆ ನಾಲ್ಕು ಚೀಲದ ಮೇಲೆ ಗೋಧಿ ಬೆಳೆದಿತ್ತು.

ಇದರ ಕಾರಣ ಗೂಢವೇನಲ್ಲ. ನಮ್ಮ ಭಾಗದ ಮಳೆಯಾಶ್ರಿತ ಗೋಧಿ ಬಿತ್ತನೆಯ ನಂತರ ಬೀಳುವ ಮಳೆಯನ್ನು ನಂಬಿ ಬೆಳೆಯುವುದಲ್ಲ. ನೆಲದೊಳಗೆ ಕೂಡಿಟ್ಟ ತೇವವೇ ಅದರ ಬಂಡವಾಳ. ಆದ್ದರಿಂದ ಇಲ್ಲಿ ಉಳುಮೆಯ ಬೆಲೆ ಕಟ್ಟಬೇಕಾದುದು ತೇವದ ಲೆಕ್ಕದಲ್ಲಿ. ಕುಂಟೆಯ ಕುಡ ಮೇಲಿನ ಎರಡು ಮೂರು ಅಂಗುಲ ಮಣ್ಣನ್ನಷ್ಟೇ ಸಡಿಲಿಸುತ್ತದೆ. ಕಳೆಯ ಬುಡ ಕತ್ತರಿಸುತ್ತದೆ, ಬಿರುಕುಗಳನ್ನು ಮುಚ್ಚುತ್ತದೆ. ಆ ಹುಡಿಮಣ್ಣೇ ಕೆಳಗಿನ ಹಸಿಗೆ ಹೊದಿಕೆಯಾಗುತ್ತದೆ. ಬಿತ್ತನೆಯ ಮುಂಚೆ ಆಳವಾಗಿ ಉತ್ತರೆ ಆ ಹಸಿಯನ್ನು ನಾವೇ ಮೇಲಕ್ಕೆ ತಂದು ಬಿಸಿಲಿಗೆ ಒಡ್ಡಿದಂತೆ. ಅಲ್ಲದೆ ಎರೆ ಮಣ್ಣು ಬೇಸಿಗೆಯಲ್ಲಿ ತಾನೇ ಬಿರಿದು, ಮಳೆಗಾಲದಲ್ಲಿ ತಾನೇ ಉಬ್ಬಿ, ತನ್ನ ಉಳುಮೆಯ ಬಹುಪಾಲನ್ನು ತಾನೇ ಮಾಡಿಕೊಳ್ಳುತ್ತದೆ.

ಇದು ಹಳ್ಳಿಗರ ನಂಬಿಕೆ ಮಾತ್ರವಲ್ಲ. 1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರ ಮೊದಲಾದೆಡೆ ಒಣ ಬೇಸಾಯದ ಸಂಶೋಧನೆ ನಡೆಯಿತು. ಅದರ ಫಲವಾಗಿ ರೂಪುಗೊಂಡ ‘ಮುಂಬಯಿ ಒಣ ಬೇಸಾಯ ಪದ್ಧತಿ’ ಹೇಳಿದ್ದೂ ಇದನ್ನೇ: ಬದು ಹಾಕಿರಿ, ಮತ್ತೆ ಮತ್ತೆ ಹರಗಿರಿ; ಆಳವಾದ ಉಳುಮೆ ಮೂರು ವರ್ಷಕ್ಕೊಮ್ಮೆ ಸಾಕು.

ಹಾಗಾದರೆ ಉಳುಮೆಯನ್ನೇ ಬಿಟ್ಟುಬಿಡಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಪಂಜಾಬ್, ಹರಿಯಾಣಗಳ ಶೂನ್ಯ ಬೇಸಾಯವನ್ನು ಉದಾಹರಿಸುತ್ತಾರೆ. ಆ ಕಥೆಯನ್ನು ಪೂರ್ತಿಯಾಗಿ ಕೇಳಬೇಕು. ಅಲ್ಲಿ ಗೋಧಿಗೆ ಮುನ್ನ ಭತ್ತವಿರುತ್ತದೆ. ಭತ್ತ ಕೊಯ್ದು, ಆರೆಂಟು ಸಲ ಉಳುಮೆ ಮಾಡಿ, ಗದ್ದೆಯನ್ನು ಹದಕ್ಕೆ ತರುವಷ್ಟರಲ್ಲಿ ನವೆಂಬರ್ ಕಳೆದುಹೋಗುತ್ತಿತ್ತು. ನವೆಂಬರ್ ನಡುಭಾಗ ದಾಟಿದ ಮೇಲೆ ಬಿತ್ತನೆ ಒಂದೊಂದು ದಿನ ತಡವಾದಂತೆ ಇಳುವರಿ ಸುಮಾರು ಶೇಕಡಾ 1ರಂತೆ ಕುಸಿಯುತ್ತದೆ. ಏಕೆಂದರೆ ತಡವಾದ ಬೆಳೆಗೆ ಕಾಳು ತುಂಬುವ ಹೊತ್ತಿಗೆ ಮಾರ್ಚಿನ ಬಿಸಿಲು ತಟ್ಟುತ್ತದೆ. ಉಳದೆಯೇ ಒಂದೇ ಸಾಲಿನಲ್ಲಿ ಬೀಜ, ಗೊಬ್ಬರ ಎರಡನ್ನೂ ಬಿತ್ತುವ ಯಂತ್ರ ಬಂದಾಗ ರೈತನಿಗೆ ಉಳಿದದ್ದು ಡೀಸೆಲ್ ಒಂದೇ ಅಲ್ಲ, ದಿನಗಳು. ಜೊತೆಗೆ, 1990ರ ದಶಕದ ಆರಂಭದಲ್ಲಿ ಕಳೆನಾಶಕಕ್ಕೂ ಜಗ್ಗದೆ ಬೆಳೆದು ರೈತರನ್ನು ಕಂಗೆಡಿಸಿದ್ದ ‘ಗುಲ್ಲಿ ಡಂಡಾ’ ಎಂಬ ಕಳೆ, ನೆಲವನ್ನು ಕೆದಕದಿದ್ದಲ್ಲಿ ಕಡಿಮೆ ಮೊಳೆಯಿತು. ಅಲ್ಲಿ ಇಳುವರಿಯನ್ನು ಕಾಯ್ದದ್ದು ಹೊತ್ತಿಗೆ ಸರಿಯಾದ ಬಿತ್ತನೆ. ಉಳುಮೆ ಬಿಟ್ಟದ್ದು ಅದಕ್ಕೊಂದು ದಾರಿ. ಆ ಗೋಧಿಗೆ ನೀರಾವರಿಯೂ ಇದೆ. ನಮಗೆ ಆ ನೀರೂ ಇಲ್ಲ, ಭತ್ತದ ಆ ಅವಸರವೂ ಇಲ್ಲ.

63 ದೇಶಗಳ 610 ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯೊಂದು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬರಿಯ ಉಳುಮೆ ಬಿಟ್ಟುದರಿಂದ ಒಟ್ಟಾರೆ ಇಳುವರಿ ತುಸು ಕುಗ್ಗುತ್ತದೆ. ಒಣ ಹವೆಯ ಮಳೆಯಾಶ್ರಿತ ಹೊಲದಲ್ಲಿ, ಬೆಳೆಯ ಉಳಿಕೆಯನ್ನು ನೆಲಕ್ಕೆ ಹೊದಿಸಿ, ಬೆಳೆ ಬದಲಿಸುತ್ತ ಬಂದರೆ ಇಳುವರಿ ಹೆಚ್ಚುತ್ತದೆ. ಇದು ಅದರ ಸಾರ. ಆ ಹೊದಿಕೆಯೇ ಇಲ್ಲಿನ ಗುಟ್ಟು. ನಮ್ಮಲ್ಲಿ ಕಣಕಿ, ಹೊಟ್ಟುಗಳು ದನಗಳ ಗೋದಲಿಗೆ ಹೋಗುತ್ತವೆ, ಹೋಗಲೇಬೇಕು. ಹೊದಿಕೆಯಿಲ್ಲದೆ, ಹರಗದೆ ಬಿಟ್ಟ ಎರೆ ನೆಲ ಬಿರಿದು ಬಾಯ್ದೆರೆಯುತ್ತದೆ, ಕಳೆ ಕೂಡ ಬೆಳೆಯುತ್ತದೆ. ಆದ್ದರಿಂದ ಶೂನ್ಯ ಬೇಸಾಯವನ್ನು ಮಂತ್ರದಂತೆ ಜಪಿಸುವುದೂ ನನಗೆ ಒಪ್ಪಿಗೆಯಿಲ್ಲ.

ನನ್ನ ಅಭಿಪ್ರಾಯವಿಷ್ಟು. ಕರಿಕೆ, ಜೇಕು ಹೊಲವನ್ನು ಆವರಿಸಿದ್ದರೆ ಆಳವಾಗಿ ಉಳಿರಿ. ಆದರೆ ಸುಗ್ಗಿ ಮುಗಿದ ಮೇಲೆ, ಬೇರುಗಳು ಬಿಸಿಲಿಗೆ ಒಣಗುವಂತೆ, ಮೂರು ವರ್ಷಕ್ಕೊಮ್ಮೆ. ಮಳೆಗಾಲದಲ್ಲಿ ಕುಂಟೆಯನ್ನು ಬಿಡಬೇಡಿರಿ. ಎತ್ತುಗಳಿಲ್ಲವೆಂದರೆ ಟ್ರ್ಯಾಕ್ಟರಿಗೂ ಕುಂಟೆ ಕಟ್ಟಬಹುದು. ಬಾಡಿಗೆಯ ಯಂತ್ರ ಬಾಗಿಲಿಗೆ ಬಂದಿತೆಂಬ ಒಂದೇ ಕಾರಣಕ್ಕೆ ಉಳಿಸಬೇಡಿರಿ. ‘ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು’ ಎಂಬ ಗಾದೆಯಲ್ಲಿ ಎಷ್ಟು ಆಳವೆಂಬ ಮಾತೇ ಇಲ್ಲ. ಇರುವುದು ಯಾವಾಗ ಎಂಬ ಮಾತು.

ಶಿಕ್ಷಕ ಮಿತ್ರರಲ್ಲಿಯೂ ಒಂದು ವಿನಂತಿ. ‘ಉಳುಮೆಯ ಪ್ರಯೋಜನಗಳೇನು?’ ಎಂದು ಕೇಳುವಾಗ ‘ನಿಮ್ಮ ಊರಿನಲ್ಲಿ ಯಾವ ಬೆಳೆಗೆ, ಯಾವಾಗ, ಏಕೆ ಉಳುತ್ತಾರೆ?’ ಎಂದೂ ಕೇಳಿರಿ. ಉತ್ತರ ಪುಸ್ತಕದಲ್ಲಿರುವುದಿಲ್ಲ, ಮಕ್ಕಳು ಮನೆಗೆ ಹೋಗಿ ಕೇಳಿಕೊಂಡು ಬರಬೇಕಾಗುತ್ತದೆ.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಈ ಬರಹ ಅವನ ಕಣ್ಣಿಗೆ ಬಿದ್ದರೆ, ಅವನಿಗೆ ಸಲ್ಲಬೇಕಾದ ಎರಡು ಅಂಕಗಳು ನನ್ನಲ್ಲಿ ಬಾಕಿ ಇವೆ ಎಂದು ತಿಳಿಯಲಿ.