ಸುರಕ್ಷತೆ ಇಂಧನದೊಳಗಿರಲಿ, ಲೆಕ್ಕ ಬಯಲಲ್ಲಿರಲಿ

ಲೆಕ್ಕಪರಿಶೋಧನೆಯಲ್ಲಿ ನಿಯಂತ್ರಣಗಳು ಎರಡು ಬಗೆ. ತಪ್ಪು ನಡೆದ ಮೇಲೆ ಹಿಡಿಯುವುದು ಒಂದು. ನಗದು ಮುಟ್ಟುವವನ ಕೈಗೆ ಲೆಕ್ಕದ ಪುಸ್ತಕವನ್ನೇ ಕೊಡದಿರುವುದು ಇನ್ನೊಂದು. ಎರಡನೆಯದು ವ್ಯವಸ್ಥೆಯೊಳಗೇ ಅಡಗಿದ ಕಾವಲು. ಪರಮಾಣು ವಿದ್ಯುತ್ತಿನ ಸುರಕ್ಷತೆಯನ್ನೂ ಈ ದೃಷ್ಟಿಯಿಂದ ಅಳೆಯಬೇಕೆಂಬುದು ನನ್ನ ಅಭಿಪ್ರಾಯ.

1986ರ ಏಪ್ರಿಲ್ 3ರಂದು ಅಮೆರಿಕದ ಐಡಾಹೊದಲ್ಲಿ ಇಬಿಆರ್-2 ಎಂಬ ಫಾಸ್ಟ್ ರಿಯಾಕ್ಟರಿನ ಮೇಲೆ ಎರಡು ಪರೀಕ್ಷೆಗಳು ನಡೆದವು. ಅದು ಪೂರ್ಣಶಕ್ತಿಯಲ್ಲಿದ್ದಾಗ ಬೆಳಿಗ್ಗೆ ಸೋಡಿಯಂ ಹರಿಸುವ ಪಂಪುಗಳನ್ನು ನಿಲ್ಲಿಸಲಾಯಿತು. ಮಧ್ಯಾಹ್ನ ಶಾಖ ಹೊರಹೋಗುವ ಮಾರ್ಗವನ್ನು ತಡೆಯಲಾಯಿತು. ತುರ್ತು ಸ್ಥಗಿತ ವ್ಯವಸ್ಥೆ ಕೆಲಸ ಮಾಡದಂತೆ ಬೇಕೆಂದೇ ಏರ್ಪಡಿಸಲಾಗಿತ್ತು. ಎರಡು ಸಲವೂ ರಿಯಾಕ್ಟರು ತಾನಾಗಿಯೇ ಶಕ್ತಿ ಇಳಿಸಿಕೊಂಡಿತು, ಹಾನಿಯಾಗಲಿಲ್ಲ. ಚೆರ್ನೋಬಿಲ್ ದುರಂತ ಸಂಭವಿಸಿದ್ದು ಅದೇ ತಿಂಗಳ 26ರಂದು.

ಇದರ ಕಾರಣ ಸರಳ. ಅಲ್ಲಿನ ಇಂಧನ ಲೋಹರೂಪದ್ದು. ಲೋಹವು ಶಾಖವನ್ನು ಬೇಗ ಸಾಗಿಸುವುದರಿಂದ ತನ್ನೊಳಗೆ ಹೆಚ್ಚು ಕೂಡಿಟ್ಟುಕೊಳ್ಳದು. ಬಿಸಿಯೇರಿದಂತೆ ಇಂಧನವೂ ಅದರ ಜೋಡಣೆಯೂ ಹಿಗ್ಗುತ್ತವೆ. ನ್ಯೂಟ್ರಾನ್‌ಗಳು ಹೆಚ್ಚಾಗಿ ಹೊರಗೆ ಸೋರಿ ಸರಪಳಿ ಕ್ರಿಯೆ ಕುಗ್ಗುತ್ತದೆ. ಉಳಿಕೆ ಶಾಖವನ್ನು ಸೋಡಿಯಂನ ಸಹಜ ಪರಿಚಲನೆಯೇ ಒಯ್ಯುತ್ತದೆ.

ಕಲ್ಪಾಕ್ಕಂನಲ್ಲಿ ನಿರ್ಮಿಸಿರುವ 500 ಮೆಗಾವಾಟಿನ ಮೂಲಮಾದರಿ ರಿಯಾಕ್ಟರಿನ ಇಂಧನ ಯುರೇನಿಯಂ ಮತ್ತು ಪ್ಲುಟೋನಿಯಂಗಳ ಮಿಶ್ರ ಆಕ್ಸೈಡ್. ಅದು ಅತಿಹೆಚ್ಚು ಉಷ್ಣತೆಯಲ್ಲಷ್ಟೇ ಕರಗುತ್ತದೆ; ಆದರೆ ಶಾಖವನ್ನು ನಿಧಾನವಾಗಿ ಬಿಡುತ್ತದೆ. ಅದಕ್ಕೆಂದೇ ಪರಸ್ಪರ ಸ್ವತಂತ್ರವಾದ ಎರಡು ಸ್ಥಗಿತ ವ್ಯವಸ್ಥೆಗಳ ಆಸರೆ ಮುಖ್ಯವಾಗುತ್ತದೆ. ಲೋಹ ಇಂಧನವಾದರೋ ಕಡಿಮೆ ಉಷ್ಣತೆಯಲ್ಲೇ ಕರಗುವಂಥದು. ಋಣಭಾರವಿಲ್ಲದ ಆಸ್ತಿ ಯಾವುದೂ ಇಲ್ಲ.

ಇಂಧನವೊಂದು ಸುರಕ್ಷಿತವಾದರೆ ಎಲ್ಲವೂ ಸುರಕ್ಷಿತವೆನ್ನಲಾಗದು. 1995ರ ಡಿಸೆಂಬರಿನಲ್ಲಿ ಜಪಾನಿನ ಮೊಂಜು ರಿಯಾಕ್ಟರಿನಲ್ಲಿ ಸೋಡಿಯಂ ಸೋರಿ ಬೆಂಕಿ ಹತ್ತಿತು. ವಿಕಿರಣ ಹೊರಬೀಳಲಿಲ್ಲ. ಆದರೂ ಘಟನೆಯ ವಿಡಿಯೊ ದೃಶ್ಯಗಳನ್ನು ಮರೆಮಾಚಿದ್ದು ಬಯಲಾಗಿ ಜನರ ವಿಶ್ವಾಸ ಕುಸಿಯಿತು. 2016ರಲ್ಲಿ ಅದನ್ನು ಶಾಶ್ವತವಾಗಿ ಮುಚ್ಚಲು ಸರ್ಕಾರ ನಿರ್ಧರಿಸಿತು. ಹೂಡಿದ ಬಂಡವಾಳ ಮುಳುಗಿತು.

ಸಣ್ಣ ಉದ್ದಿಮೆದಾರನಿಗೆ ಹಗಲಿರುಳು ನಿಲ್ಲದ ವಿದ್ಯುತ್ತು ಬೇಕು. ಈ ಸ್ಥಾವರಗಳಿಗೆ ಹೋಗುವುದೂ ಅವನ ತೆರಿಗೆಯ ಹಣವೇ. ಆದ್ದರಿಂದ ಬರಲಿರುವ ರಿಯಾಕ್ಟರುಗಳ ಇಂಧನವನ್ನು ಆಯ್ಕೆ ಮಾಡುವಾಗ ಯೂನಿಟ್ ದರವೊಂದನ್ನೇ ನೋಡದೆ, ಯಂತ್ರ ಕೈಕೊಟ್ಟಾಗಲೂ ಇಂಧನ ಹೇಗೆ ವರ್ತಿಸುತ್ತದೆಂಬುದನ್ನೂ ವೆಚ್ಚದ ಲೆಕ್ಕಕ್ಕೆ ಸೇರಿಸಬೇಕು. ಐಡಾಹೊದಂತೆ ಪರೀಕ್ಷಿಸಿ, ಫಲಿತಾಂಶವನ್ನು ಪ್ರಕಟಿಸಬೇಕು. ನಮ್ಮ ವಾಣಿಜ್ಯ ಮಂಡಳಿಗಳು ವಿದ್ಯುತ್ ದರದ ವಿಚಾರಣೆಗಳಿಗೆ ತೋರುವ ಆಸಕ್ತಿಯನ್ನು ಈ ಪ್ರಶ್ನೆಗೂ ತೋರಲಿ. ಬ್ಯಾಲೆನ್ಸ್ ಶೀಟಿಗೆ ಟಿಪ್ಪಣಿಗಳು ಹೇಗೆ ಅಗತ್ಯವೋ, ವಿದ್ಯುತ್ ಸ್ಥಾವರಕ್ಕೂ ಹಾಗೆಯೇ.