ಮಕ್ಕಳನ್ನು ಕಳುಹಿಸಿದವರು ಯಾರು?

ಕಳೆದ ತಿಂಗಳ ನಮ್ಮ ಸಂಘದ ಕೂಟದಲ್ಲಿ ಹಿರಿಯ ಉಪಾಧ್ಯಾಯರೊಬ್ಬರು ಎದ್ದು ನಿಂತು, "ನಮ್ಮ ನಾಡಿನ ಮಕ್ಕಳನ್ನು ಪರದೇಶದವರು ವಿಮಾನದಲ್ಲಿ ಬಂದು ಎತ್ತಿಕೊಂಡು ಹೋಗುತ್ತಿದ್ದಾರೆ, ದತ್ತಕದ ಹೆಸರಿನ ಈ ರಫ್ತನ್ನು ನಿಲ್ಲಿಸಬೇಕೆಂದು ಸಂಘವು ಒಂದು ಠರಾವನ್ನು ಅಂಗೀಕರಿಸತಕ್ಕದ್ದು" ಎಂದು ಸೂಚಿಸಿದರು. ಸಭೆಯು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆನೆಂಬುದನ್ನು ಮುಚ್ಚಿಡುವುದಿಲ್ಲ. ಹೊಸೂರಿನಿಂದ ತಳಿಯ ಕಡೆಯ ಬಸ್ಸಿನಲ್ಲಿ ಕುಳಿತು ಮನೆಗೆ ಬರುವಾಗ ಮಾತ್ರ ಆ ಚಪ್ಪಾಳೆ ಎಷ್ಟು ಅಗ್ಗದ್ದೆಂದು ಹೊಳೆದು ನಾಚಿಕೆಯಾಯಿತು. ಠರಾವು ಮುಂದಿನ ಕೂಟಕ್ಕೆ ಬರಲಿದೆ. ಅದಕ್ಕೆ ನನ್ನ ವಿರೋಧವಿರುವುದನ್ನು ಮುಂಚಿತವಾಗಿ, ಎಲ್ಲರೂ ಓದುವ ಈ ಪತ್ರಿಕೆಯಲ್ಲಿಯೇ ತಿಳಿಸುವುದು ನ್ಯಾಯವೆಂದು ಬರೆಯುತ್ತಿದ್ದೇನೆ. ಆ ಹಿರಿಯರು ನನಗೆ ಗುರುಸಮಾನರು. ವಿರೋಧವು ಅವರಿಗಲ್ಲ, ಅವರ ಮಾತಿಗೆ.

ಮೊದಲು, ಎತ್ತಿಕೊಂಡು ಹೋಗುವುದೆಂದರೆ ಏನೆಂಬುದನ್ನು ನೋಡೋಣ. ದೂರದ ಊರೊಂದರಲ್ಲಿ ಗಂಡಹೆಂಡಿರು ಭಾರತದ ಮಗುವೊಂದನ್ನು ತಮ್ಮದಾಗಿ ಮಾಡಿಕೊಳ್ಳಬೇಕೆಂದು ನಿಶ್ಚಯಿಸುತ್ತಾರೆನ್ನಿ. ಅವರ ಸರ್ಕಾರವು ಒಪ್ಪಿದ ಸಂಸ್ಥೆಯವರು ಅವರ ಮನೆಗೆ ಬಂದು, ಅವರ ಆದಾಯ, ಆರೋಗ್ಯ, ನಡತೆ, ನೆಂಟರಿಷ್ಟರ ಅಭಿಪ್ರಾಯ ಇವೆಲ್ಲವನ್ನೂ ವಿಚಾರಿಸಿ ವರದಿ ಬರೆಯುತ್ತಾರೆ. ಆ ವರದಿಯು ದೆಹಲಿಯ ಕೇಂದ್ರ ದತ್ತು ಪ್ರಾಧಿಕಾರಕ್ಕೆ ಬರಬೇಕು. ಪ್ರಾಧಿಕಾರವು ನಿರಾಕ್ಷೇಪಣಾ ಪತ್ರವನ್ನು ಕೊಡಬೇಕು. ಮೊದಲು ನ್ಯಾಯಾಲಯವೂ, 2022ರಿಂದೀಚೆಗೆ ಜಿಲ್ಲಾಧಿಕಾರಿಯೂ ಆಜ್ಞೆ ಹೊರಡಿಸಬೇಕು. ಇಷ್ಟಾದ ಮೇಲೆ ಮಗುವಿನ ಪಾಸ್‌ಪೋರ್ಟು, ವೀಸಾ. ಅದು ದೊರೆತೊಡನೆ ದಂಪತಿಗಳು ಸ್ವತಃ ಬಂದು ಮಗುವನ್ನು ಕೈಯಾರೆ ತೆಗೆದುಕೊಳ್ಳಬೇಕೆಂದು ನಮ್ಮ ಕಾಯಿದೆಯೇ ವಿಧಿಸಿದೆ. ಹೋದ ಮೇಲೂ ಎರಡು ವರ್ಷಗಳ ಕಾಲ ಮಗುವಿನ ಯೋಗಕ್ಷೇಮದ ವರದಿಗಳು ಬರುತ್ತಿರಬೇಕು. ಅಷ್ಟರಲ್ಲಿ ಆ ಮನೆಯಲ್ಲಿ ಕೋಣೆಯೊಂದಕ್ಕೆ ಬಣ್ಣ ಬಳಿದಿರುತ್ತಾರೆ. ಬಾರದ ಮಗುವಿನ ಭಾವಚಿತ್ರವನ್ನು ಗೋಡೆಗೆ ತೂಗುಹಾಕಿರುತ್ತಾರೆ. ಅದರ ಬಾಯಿಯ ನಾಲ್ಕು ಮಾತುಗಳನ್ನಾದರೂ ಕಲಿಯಲು ಹೆಣಗುತ್ತಿರುತ್ತಾರೆ. ಒಂದು ಮಗುವಿಗಾಗಿ ಇಷ್ಟು ಸಿದ್ಧತೆ ಮಾಡಿಕೊಂಡು ಸಾಗರವನ್ನು ದಾಟಿ ಬರುವವರನ್ನು ಕಳ್ಳರೆನ್ನುವುದಕ್ಕೆ ಮೊದಲು, ಅದೇ ಮಗುವಿಗಾಗಿ ನಾವು ಯಾವ ಸಿದ್ಧತೆ ಮಾಡಿದ್ದೆವೆಂದು ಕೇಳಿಕೊಳ್ಳಬೇಡವೇ?

ಈ ನಿಯಮಗಳು ತಾವಾಗಿ ಹುಟ್ಟಿದುವಲ್ಲ. 1982ರಲ್ಲಿ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ವಿದೇಶೀ ದತ್ತಕದ ಅಕ್ರಮಗಳನ್ನು ಕುರಿತು ಸರ್ವೋಚ್ಚ ನ್ಯಾಯಾಲಯಕ್ಕೆ ಒಂದು ಪತ್ರ ಬರೆದರು. ಆ ಪತ್ರವನ್ನೇ ಅರ್ಜಿಯೆಂದು ಭಾವಿಸಿ 1984ರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ತೀರ್ಪಿತ್ತರು. ಅದರ ಸಾರವೇನೆಂದರೆ, ಮಗುವಿಗೆ ಮೊದಲು ಸ್ವದೇಶದಲ್ಲಿಯೇ ಮನೆ ಹುಡುಕಬೇಕು. ಇಲ್ಲಿ ಸಿಕ್ಕದಿದ್ದರೆ ಮಾತ್ರ ಹೊರಗೆ. ಇಂದಿನ 2015ರ ಬಾಲನ್ಯಾಯ ಕಾಯಿದೆಯೂ ಹಾಗೆಯೇ ಹೇಳುತ್ತದೆ. ದತ್ತಕಕ್ಕೆ ಯೋಗ್ಯವೆಂದು ಘೋಷಿತವಾದ ಮಗುವನ್ನು 60 ದಿನಗಳೊಳಗೆ ಇಲ್ಲಿನ ದಂಪತಿಗಳಾಗಲಿ ಹೊರನಾಡಿನ ಭಾರತೀಯ ದಂಪತಿಗಳಾಗಲಿ ಸ್ವೀಕರಿಸದಿದ್ದರೆ ಅದು ವಿದೇಶೀಯರ ಪಾಲಿಗೆ ತೆರೆದುಕೊಳ್ಳುತ್ತದೆ. ಅಂಗವೈಕಲ್ಯವುಳ್ಳವರು, ಒಡಹುಟ್ಟಿದವರ ಜೋಡಿಗಳು, ಐದು ವರ್ಷ ಮೀರಿದವರು — ಇವರನ್ನು ಹೊರಗೆ ಕೊಡುವಾಗ ಆದ್ಯತೆ ತೋರಬಹುದೆಂದೂ ಅದೇ ಕಾಯಿದೆಯಲ್ಲಿದೆ.

ಏಕೆ ಹಾಗೆ ಬರೆದರು? ಇವರನ್ನು ನಾವು ತೆಗೆದುಕೊಳ್ಳುವುದಿಲ್ಲವೆಂಬುದನ್ನು ಕಾಯಿದೆ ಬರೆದವರು ಬಲ್ಲರು. 2024-25ರಲ್ಲಿ ಈ ದೇಶದಲ್ಲಿ ನಡೆದ ದತ್ತಕಗಳು 4,515. ಅವುಗಳಲ್ಲಿ 4,155 ದೇಶದೊಳಗಿನವೇ. ಹೊರಗೆ ಹೋದುದು ನೂರಕ್ಕೆ ಎಂಟು. ಇದು ಒಂದು ಕಡೆ. ಮತ್ತೊಂದು ಕಡೆ, ಕೂಸಿಗಾಗಿ ಹೆಸರು ಬರೆಸಿ ಮೂರು ವರ್ಷಕ್ಕೂ ಮಿಕ್ಕಿ ಕಾದಿರುವ ನಮ್ಮ ದಂಪತಿಗಳ ಸಾಲು ಸಾವಿರಗಟ್ಟಲೆಯಾಗಿ ಬೆಳೆದಿದೆ. ಸಾಲಿನಲ್ಲಿ ನಿಂತವರು ಕಾಯುವುದು ಎಳೆಯ ಕೂಸಿಗೆ, ಆರೋಗ್ಯದ ಕೂಸಿಗೆ, ಸಾಧ್ಯವಾದರೆ ಬಣ್ಣವೂ ತಮ್ಮನ್ನು ಹೋಲುವ ಕೂಸಿಗೆ. ಅದೇ ವೇಳೆಗೆ ಅನಾಥಾಲಯದ ಅಂಗಳದಲ್ಲಿ ಏಳು ವರ್ಷದ ಹುಡುಗಿಯೂ ಅವಳ ಕೈ ಹಿಡಿದ ತಮ್ಮನೂ ನಿಂತಿರುತ್ತಾರೆ. ಅವರ ಮುಂದೆ ಸಾಲಿಲ್ಲ. ತುಟಿ ಸೀಳಿದ, ಹೃದಯದ ಬೇನೆಯ, ಕಿವಿ ಕೇಳದ ಮಗುವಿನ ಮುಂದೆಯೂ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ವಿಶೇಷ ಆರೈಕೆ ಬೇಕಾದ ಮಕ್ಕಳಲ್ಲಿ ದೊಡ್ಡ ಪಾಲು ವಿದೇಶದ ಮನೆಗಳನ್ನೇ ಸೇರಿದೆ. ನಾವು ಬೇಡವೆಂದುದನ್ನು ಅವರು ಬೇಕೆಂದರು. ಇದಕ್ಕೆ ರಫ್ತು ಎಂಬ ಹೆಸರು ಒಪ್ಪುವುದೇ?

ನಮ್ಮ ಸೀಮೆಯವರಿಗಂತೂ ಈ ವಿಷಯದಲ್ಲಿ ಎತ್ತರದ ದನಿ ಶೋಭಿಸುವುದಿಲ್ಲ. 1965ರವರೆಗೆ ನಾವು ಸೇಲಂ ಜಿಲ್ಲೆಯವರು, ಆಮೇಲೆ ಧರ್ಮಪುರಿಯವರು, 2004ರಿಂದ ಕೃಷ್ಣಗಿರಿಯವರು. ಜಿಲ್ಲೆಯ ಹೆಸರು ಬದಲಾದ ಮಾತ್ರಕ್ಕೆ ಮನೆಯ ಒಳಗಿನ ನಡತೆ ಬದಲಾಗುವುದಿಲ್ಲ. ಹೆಣ್ಣುಕೂಸನ್ನು ಹುಟ್ಟಿದ ವಾರದೊಳಗೆ ಕೊಲ್ಲುವ ಪದ್ಧತಿ ಸೇಲಂ, ಧರ್ಮಪುರಿ, ಮಧುರೆಯ ಹಳ್ಳಿಗಳಲ್ಲಿದ್ದುದು ಜಗತ್ತಿಗೇ ತಿಳಿಯಿತು. ಅದನ್ನು ತಡೆಯಲೆಂದು ತಮಿಳುನಾಡು ಸರ್ಕಾರವು 1992ರಲ್ಲಿ ಸೇಲಮ್ಮಿನಲ್ಲಿ ತೊಟ್ಟಿಲು ಮಗು ಯೋಜನೆಯನ್ನು ಆರಂಭಿಸಿತು: ಕೊಲ್ಲಬೇಡಿರಿ, ತೊಟ್ಟಿಲಿನಲ್ಲಿ ಇಟ್ಟು ಹೋಗಿರಿ, ಹೆಸರು ಕೇಳುವುದಿಲ್ಲ ಎಂದು. 2001ರಲ್ಲಿ ಅದು ಧರ್ಮಪುರಿಗೂ ಬಂದಿತು. ಅದೇ ವರ್ಷದ ಜನಗಣತಿಯಲ್ಲಿ ಸೇಲಂ ಜಿಲ್ಲೆಯ ಆರು ವರ್ಷದೊಳಗಿನ ಮಕ್ಕಳಲ್ಲಿ 1,000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 851. ಆ ತೊಟ್ಟಿಲುಗಳಿಂದ ಎದ್ದು ಬಂದವರಲ್ಲಿ ಬಹುಮಂದಿ ಹೆಣ್ಣುಕೂಸುಗಳೇ. ಇಂದು ದೇಶದಲ್ಲಿ ದತ್ತು ಹೋಗುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚೆಂದು ಕೆಲವರು ಬೀಗುತ್ತಾರೆ. ಬಿಟ್ಟುಹೋಗಲ್ಪಡುವವರಲ್ಲಿಯೂ ಅವರೇ ಹೆಚ್ಚೆಂಬುದನ್ನು ಮಾತ್ರ ಹೇಳಲು ಮರೆಯುತ್ತಾರೆ. ತೊಟ್ಟಿಲಿನಲ್ಲಿ ಇಟ್ಟು ಹೋದ ಕೈ ಪರದೇಶದ್ದಲ್ಲ.

ಹಾಗಾದರೆ ನಮ್ಮಲ್ಲಿ ದತ್ತಕವೇ ಇರಲಿಲ್ಲವೇ ಎಂದರೆ, ಬೇಕಾದಷ್ಟಿತ್ತು. ಆದರೆ ಅದು ಯಾರಿಗಾಗಿ ಇತ್ತು? ಪಿಂಡಕ್ಕೆ, ಆಸ್ತಿಗೆ, ಗದ್ದುಗೆಗೆ. ಗಂಡುಮಗುವನ್ನೇ, ಕುಲದೊಳಗಿನದನ್ನೇ ತರುತ್ತಿದ್ದರು. ಮನೆಗೆ ಮಗು ಬೇಕಾಗಿತ್ತು. ಮಗುವಿಗೆ ಮನೆ ಬೇಕೆಂಬುದನ್ನು ಯಾರೂ ಲೆಕ್ಕಿಸಿರಲಿಲ್ಲ. 1956ರ ಹಿಂದೂ ದತ್ತಕ ಕಾಯಿದೆ ಬಂದ ಮೇಲೆಯೇ ಹೆಣ್ಣುಮಗುವನ್ನು ದತ್ತು ಸ್ವೀಕರಿಸುವುದು ಎಲ್ಲೆಡೆಯೂ ಸಿಂಧುವಾದುದು. ಕಾಯಿದೆ ಬದಲಾಯಿತು. ನಮ್ಮ ಮನಸ್ಸು ಇನ್ನೂ ಹಳೆಯ ಪಂಚಾಂಗವನ್ನೇ ನೋಡುತ್ತಿದೆ.

ಈಗ ಹೇಳಬೇಕಾದ ಸಂಗತಿ ನನ್ನ ತರಗತಿಯದು. ಹೇಳದೆ ಬಿಟ್ಟರೆ ಈ ಲೇಖನವನ್ನು ಬರೆಯುವ ಯೋಗ್ಯತೆ ನನಗಿಲ್ಲ.

ಕೆಲವು ವರ್ಷಗಳ ಹಿಂದೆ ಕಿತ್ತೂರು ಚೆನ್ನಮ್ಮನ ಕಥೆಯನ್ನು ಹೇಳುತ್ತಿದ್ದೆ. ಆ ಕಥೆಯನ್ನು ಹೇಳುವಾಗ ಯಾವ ಕನ್ನಡ ಉಪಾಧ್ಯಾಯನ ಕಂಠವೂ ಏರುವುದಷ್ಟೆ. ಗಡಿಯಾಚೆಯಿರುವ ನಮಗೆ ಇನ್ನೂ ಸ್ವಲ್ಪ ಹೆಚ್ಚಾಗಿಯೇ ಏರುತ್ತದೆ. 1824ರಲ್ಲಿ ದೊರೆ ಮಕ್ಕಳಿಲ್ಲದೆ ತೀರಿಕೊಂಡುದು, ಶಿವಲಿಂಗಪ್ಪನನ್ನು ದತ್ತು ಮಾಡಿಕೊಂಡುದು, ಆ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೆ ಸೈನ್ಯದೊಡನೆ ಬಂದುದು, ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಅವನು ಬಿದ್ದುದು, ಎಲ್ಲವನ್ನೂ ಆವೇಶದಿಂದ ವರ್ಣಿಸಿದೆ. ಹುಡುಗನೊಬ್ಬನು ಎದ್ದು, "ಸಾರ್, ದತ್ತುಮಗ ಎಂದರೆ ನಿಜವಾದ ಮಗನಲ್ಲವೇ?" ಎಂದು ಕೇಳಿದನು. ಪಾಠ ಮುಗಿಸುವ ಅವಸರದಲ್ಲಿ ನಾನು, "ಸ್ವಂತ ಮಗನಲ್ಲ, ಆದರೂ ಮಗನ ಹಾಗೆ" ಎಂದುಬಿಟ್ಟೆ.

ಎರಡನೆಯ ಸಾಲಿನಲ್ಲಿ ಒಬ್ಬ ಹುಡುಗಿ ಕುಳಿತಿದ್ದಳು. ಅವಳು ತೊಟ್ಟಿಲಿನಿಂದ ಬಂದವಳೆಂಬುದು ನಮ್ಮ ಉಪಾಧ್ಯಾಯರ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದನ್ನು ನಾವು ದನಿ ತಗ್ಗಿಸಿ ಆಡಿಕೊಂಡಿದ್ದೆವು. ದನಿ ತಗ್ಗಿಸಿದುದರಿಂದ ಪಾಪ ತಗ್ಗಿತೆಂದು ಭಾವಿಸಿದ್ದೆವು. ಮಕ್ಕಳಿಗೂ ಅದು ಗೊತ್ತಿತ್ತೆಂದು ಅಂದು ನನಗೆ ತಿಳಿಯಿತು; ತರಗತಿಯ ಅಷ್ಟೂ ತಲೆಗಳು ಅವಳ ಕಡೆಗೆ ತಿರುಗಿದುವು. ಅವಳು ಅಳಲಿಲ್ಲ. ಹಲಗೆಯ ಅಂಚನ್ನು ಉಗುರಿನಿಂದ ಕೆರೆಯುತ್ತ ಕುಳಿತಳು. ಮರುದಿನ ಅವಳ ತಾಯಿ ಶಾಲೆಗೆ ಬಂದು, ನನ್ನನ್ನು ಬೈಯದೆ, "ಮಗಳು ರಾತ್ರಿ ಒಂದು ಮಾತು ಕೇಳಿದಳು ಸಾರ್, ನಾನು ಉತ್ತರ ಹೇಳಿದೆ, ನೀವೂ ಅದನ್ನೇ ಹೇಳಿದರೆ ಒಳ್ಳೆಯದು" ಎಂದಷ್ಟೇ ಹೇಳಿ ಹೋದಳು. ಯಾವ ಮಾತೆಂದು ನಾನು ಕೇಳಲಿಲ್ಲ, ಕೇಳಬೇಕಾಗಿರಲಿಲ್ಲ.

ಸ್ನೇಹಿತರೇ, ಚೆನ್ನಮ್ಮನು ಕತ್ತಿ ಹಿಡಿದುದು ಯಾವ ಮಾತನ್ನು ಒಪ್ಪಲಾರದೆಯೋ, ಆ ಥ್ಯಾಕರೆಯ ಮಾತನ್ನೇ ನಾನು ನನ್ನ ತರಗತಿಯಲ್ಲಿ ಆಡಿದೆ. ನಾವು ಕರ್ಣನ ಕಥೆಯನ್ನು ಹೇಳುವಾಗ ರಾಧೆಯ ಹೆಸರನ್ನು ಎಷ್ಟು ಬೇಗನೆ ದಾಟಿಹೋಗುತ್ತೇವೆ! ಅವನು ಕಡೆಯವರೆಗೂ ರಾಧೇಯನಾಗಿಯೇ ಉಳಿಯಲು ಬಯಸಿದನೆಂಬುದು ನಮಗೆ ಪಾಠವಾಗಿ ಕಾಣುವುದೇ ಇಲ್ಲ. "ನಿಮ್ಮ ವಂಶವೃಕ್ಷವನ್ನು ಬರೆಯಿರಿ" ಎಂದು ಮಕ್ಕಳಿಗೆ ಮನೆಗೆಲಸ ಕೊಡುತ್ತೇವೆ. ಮಗು ಯಾರ ಹಾಗಿದೆಯೆಂದು ತಂದೆತಾಯಿಗಳ ಎದುರಿನಲ್ಲಿಯೇ ಕೇಳುತ್ತೇವೆ. ಪ್ರವೇಶದ ದಿನ ಜಾತಿಯ ಅಂಕಣಕ್ಕೆ ಬಂದಾಗ ಪೆನ್ನನ್ನು ಮೇಲೆತ್ತಿ ಮುಗುಳ್ನಗುತ್ತೇವೆ. ಇಂಥ ಊರಿನಲ್ಲಿ ದತ್ತು ತರಲು ಯಾರಿಗೆ ಧೈರ್ಯ ಬಂದೀತು? ತಂದವರು ಊರು ಬಿಟ್ಟು ಬೇರೆಡೆಗೆ ಹೋಗಿ ಗುಟ್ಟಾಗಿ ಬದುಕುವುದನ್ನು ನೋಡಿಲ್ಲವೇ? ಹೊಸೂರಿನಿಂದ ಮಗುವೊಂದು ಯಾವ ವಿದೇಶಕ್ಕೆ ಹೋದರೂ, ಅದರ ಪ್ರಯಾಣ ಆರಂಭವಾಗುವುದು ನಮ್ಮ ಈ ಮುಗುಳ್ನಗೆಯಿಂದಲೇ.

ಠರಾವಿನ ಪಕ್ಷದಲ್ಲಿ ಸತ್ಯವೇ ಇಲ್ಲವೆಂದು ನಾನು ವಾದಿಸುವುದಿಲ್ಲ. 2005ರಲ್ಲಿ ಚೆನ್ನೈ ಪೊಲೀಸರು ಬಯಲಿಗೆಳೆದ ಪ್ರಕರಣದಲ್ಲಿ, ಬಡವರ ಮಕ್ಕಳನ್ನು ಕದ್ದು ಒಂದು ಸಂಸ್ಥೆಯ ಮೂಲಕ ವಿದೇಶಕ್ಕೆ ದತ್ತು ಕೊಟ್ಟುದು ಹೊರಬಿತ್ತು. 1973ರಿಂದ 2002ರವರೆಗೆ ಭಾರತದಿಂದ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಮುಂತಾದ ಪ್ರಾಂತಗಳಿಗೆ ಹೋದ ಮಕ್ಕಳ ಕಡತಗಳನ್ನು ಅಲ್ಲಿನ ಸಂಶೋಧಕರು ಬಿಡಿಸಿ ನೋಡಿ 2024ರಲ್ಲಿ ವರದಿ ಪ್ರಕಟಿಸಿದರು. ಅವರು ನೋಡಿದ ಕಡತಗಳಲ್ಲಿ ಹೆತ್ತವಳು ಒಪ್ಪಿ ಕೊಟ್ಟಳೆಂಬ ಪತ್ರ ಸಿಕ್ಕಲಿಲ್ಲ. ಆ ವರದಿಗೆ ಅವರು ಕೊಟ್ಟ ಹೆಸರೇ 'ತಾಯಿ ಅಜ್ಞಾತಳು'. ನೆದರ್ಲೆಂಡ್ಸ್ 2021ರಲ್ಲಿ ವಿದೇಶೀ ದತ್ತಕವನ್ನು ತಡೆದು ನಿಲ್ಲಿಸಿದುದೂ ಇಂಥ ಅಕ್ರಮಗಳು ಬೆಳಕಿಗೆ ಬಂದುದರಿಂದಲೇ. ಚೀನಾ 2024ರಲ್ಲಿ ತನ್ನ ಬಾಗಿಲನ್ನು ಮುಚ್ಚಿತು. 2004ರಲ್ಲಿ ಅಮೆರಿಕೆಯೊಂದಕ್ಕೇ ಎಲ್ಲ ದೇಶಗಳಿಂದ ಸುಮಾರು 23 ಸಾವಿರ ಮಕ್ಕಳು ಹೋಗಿದ್ದರು. 2023ರಲ್ಲಿ 1,300 ಮಂದಿಯೂ ಇಲ್ಲ. ಸುಳ್ಳು ಕಾಗದದ ಮೇಲೆ ಮಗುವನ್ನು ಕಳುಹಿಸಿದವನು ಯಾವನೇ ಆಗಲಿ, ಅವನಿಗೆ ಸೆರೆಮನೆಯೇ ಯೋಗ್ಯವಾದ ಮನೆ. ಆದರೆ ಆ ಸುಳ್ಳು ಕಾಗದವನ್ನು ಬರೆದುದು ಎಲ್ಲಿ? ಇಲ್ಲಿಯೇ, ನಮ್ಮ ಕೈಬರಹದಲ್ಲಿಯೇ. ಬಾಗಿಲು ಮುಚ್ಚಿದೊಡನೆ ಏಳು ವರ್ಷದ ಆ ಹುಡುಗಿಗೂ ಅವಳ ತಮ್ಮನಿಗೂ ಊರಿನಲ್ಲಿ ಮನೆಯೊಂದು ತೆರೆಯುವುದಾದರೆ ನಾನೇ ಮೊದಲು ಬೀಗ ಹಾಕುತ್ತೇನೆ. ತೆರೆಯದಿದ್ದರೆ, ಅವರು ಹದಿನೆಂಟು ತುಂಬುವವರೆಗೆ ಅದೇ ಅಂಗಳದಲ್ಲಿದ್ದು, ಒಂದು ಪೆಟ್ಟಿಗೆ ಹಿಡಿದು ಬೀದಿಗೆ ಬರಬೇಕು. ನಮ್ಮ ಠರಾವಿನಲ್ಲಿ ಆ ಪೆಟ್ಟಿಗೆಯ ಮಾತೇ ಇಲ್ಲ.

ಇನ್ನೊಂದು ಮಾತು, ಅದು ನಮ್ಮ ವೃತ್ತಿಗೆ ಸೇರಿದ್ದು. ಮೊದಲ ತರಗತಿಗೆ ಬಂದ ಮಗು ಮನೆಯ ಕನ್ನಡವನ್ನು ಬಿಟ್ಟು ಬೇರೆ ನುಡಿಗೆ ಹೊಂದಿಕೊಳ್ಳಬೇಕಾದಾಗ ಎಷ್ಟು ಮುದುಡುತ್ತದೆಂದು ನಾವು ವರ್ಷವರ್ಷವೂ ದೂರುತ್ತೇವೆ, ನ್ಯಾಯವಾಗಿಯೇ ದೂರುತ್ತೇವೆ. ಆದರೆ ಆರೇಳು ವರ್ಷದ ಮಗು ವಿಮಾನವೇರಿದಾಗ ಕಳೆದುಕೊಳ್ಳುವುದು ಒಂದು ಪಠ್ಯಪುಸ್ತಕವನ್ನಲ್ಲ. ನೀರು, ಅನ್ನ, ನೋವು, ಬೇಡ ಎಂಬ ಮಾತುಗಳನ್ನೇ ಒಂದು ಹಗಲಿನಲ್ಲಿ. ನಮ್ಮದು ಮೂರು ನುಡಿಗಳ ಸೀಮೆ. ಅಂಚೆಟ್ಟಿಯ ಕಾಡಂಚಿನಲ್ಲಿ, ಡೆಂಕಣಿಕೋಟೆಯ ಸಂತೆಯಲ್ಲಿ ಒಬ್ಬಂಟಿಯಾಗಿ ಸಿಕ್ಕ ಮಗು ಆಡುವುದು ಕನ್ನಡವೋ ತೆಲುಗೋ ತಮಿಳೋ ಎಂಬುದನ್ನು ಗುರುತಿಸಿ ಬರೆಯುವವನಿಗೆ ಆ ಮೂರೂ ಕಿವಿಯಲ್ಲಿರಬೇಕಷ್ಟೆ? ಮಗುವಿನ ಮನೆಯವರ ಸುಳಿವು ಸಿಕ್ಕುವುದಿದ್ದರೂ ಆ ಮಾತಿನಿಂದಲೇ ಸಿಕ್ಕಬೇಕು. ಎರಡು ವರ್ಷ ಮೀರಿದ ಮಗುವನ್ನು ದತ್ತಕಕ್ಕೆ ಯೋಗ್ಯವೆಂದು ಘೋಷಿಸುವ ಮುನ್ನ ನಾಲ್ಕು ತಿಂಗಳ ಅವಧಿಯಿದೆ. ಆ ನಾಲ್ಕು ತಿಂಗಳಲ್ಲಿ ಕನ್ನಡ ಬಲ್ಲ ಉಪಾಧ್ಯಾಯನೊಬ್ಬನು ವಾರಕ್ಕೊಮ್ಮೆ ಹೋಗಿ ಮಗುವಿನ ಪಕ್ಕದಲ್ಲಿ ಕುಳಿತು, ಅದು ಯಾರನ್ನು ಅವ್ವ ಎನ್ನುತ್ತದೆ, ಯಾವ ಹಾಡನ್ನು ಗುನುಗುತ್ತದೆ, ಯಾವ ಕೆರೆಯ, ಯಾವ ಜಾತ್ರೆಯ ಹೆಸರನ್ನು ಹೇಳುತ್ತದೆ ಎಂದು ಬರೆದಿಟ್ಟರೆ, ಮಗು ಇಲ್ಲಿಯೇ ಉಳಿದರೂ ಕಡಲು ದಾಟಿದರೂ ಆ ಎರಡು ಹಾಳೆ ಅದರ ಜೊತೆಗಿರುತ್ತದೆ. ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಮಗು ಬೆಳೆದು, ತಾನು ಎಲ್ಲಿಂದ ಬಂದೆನೆಂದು ಹುಡುಕಿಕೊಂಡು ಬಂದಾಗ, ಕಡತದಲ್ಲಿ 'ಅಜ್ಞಾತ' ಎಂಬ ಒಂದೇ ಪದದ ಬದಲು ಓದಲು ಏನಾದರೂ ಇರುತ್ತದೆ.

ಆದುದರಿಂದ ಮುಂದಿನ ಕೂಟದಲ್ಲಿ ನಾನು ಒಂದು ತಿದ್ದುಪಡಿಯನ್ನು ಸೂಚಿಸಲಿದ್ದೇನೆ. ವಿದೇಶೀಯರ ಹೆಸರಿರುವ ವಾಕ್ಯವನ್ನು ಹೊಡೆದುಹಾಕಿ, ಅದರ ಸ್ಥಾನದಲ್ಲಿ, ಜಿಲ್ಲಾ ಮಕ್ಕಳ ರಕ್ಷಣಾ ಅಧಿಕಾರಿಗಳು ಕರೆದಾಗ ಮಗುವಿನ ಮಾತನ್ನು ಕೇಳಿ ಬರೆದುಕೊಡಲು ಸಂಘದ ಸದಸ್ಯರಲ್ಲಿ ಯಾರು ಯಾರು ಸಿದ್ಧರಿದ್ದಾರೆಂಬ ಪಟ್ಟಿಯನ್ನು ಸೇರಿಸಬೇಕೆಂಬುದು ಅದರ ಅರ್ಥ. ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಸಂಘದ ನಿಯಮದ ಪ್ರಕಾರ ಅನುಮೋದಕರೊಬ್ಬರು ಬೇಕು. ಆ ಹಿರಿಯ ಉಪಾಧ್ಯಾಯರೇ ಅನುಮೋದಿಸಲೊಪ್ಪಿದರೆ, ಅವರ ಕೆಳಗೆ ನನ್ನ ಹೆಸರನ್ನು ಎರಡನೆಯದಾಗಿ ಬರೆದುಕೊಳ್ಳಲು ನನ್ನ ಅಭ್ಯಂತರವಿಲ್ಲ.